ಶಾಲು ಬೇಡವೆಂದ ಫಾರ್ವರ್ಡ್

ನುಡಿನಮನದ ಸಭೆಯಲ್ಲಿ ನಮ್ಮ ಹೆಡ್‌ಮಾಸ್ತರರು ಅವರನ್ನು ಅಜಾತಶತ್ರು ಎಂದು ಕರೆದರು. ನನಗೆ ನಗು ತಡೆಯಲಾಗಲಿಲ್ಲ. ಹಾರ ಹಾಕಿದ ಫೋಟೋದ ಮುಂದೆ ಕೂತು ನಗುವುದು ಸರಿಯಲ್ಲವೆಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಪಕ್ಕದಲ್ಲಿದ್ದ ವಿಜ್ಞಾನದ ಟೀಚರ್, ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಆ ಮನುಷ್ಯನ ಜೊತೆ ಜಗಳವಾಡದ ಕ್ರೀಡಾ ಸಮಿತಿ ಒಂದೂ ಉಳಿದಿರಲಿಲ್ಲ. ಅವರ ಮುಖ ಕಂಡರೆ ಓಣಿ ಬದಲಿಸುತ್ತಿದ್ದವರೇ ಅಂದು ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದರು. ಒಬ್ಬರಾದ ಮೇಲೆ ಒಬ್ಬರು ಎದ್ದು, ಅವರು ಎಂಥ ಸ್ನೇಹಜೀವಿ, ಎಷ್ಟು ಮೃದು ಮಾತಿನವರು ಎಂದು ಹೇಳಿದರು. ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನಾನೇ ಒಂದು ಸಲ ಫೋಟೋ ನೋಡಿ ಖಾತ್ರಿ ಮಾಡಿಕೊಂಡೆ. ಮೃದು ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ.

ಅವರು ಸಿಂದಗಿಯ ನಮ್ಮ ಹೈಸ್ಕೂಲಿನ ದೈಹಿಕ ಶಿಕ್ಷಕರು, ಊರವರ ಬಾಯಲ್ಲಿ ಪಿ.ಟಿ. ಮಾಸ್ತರ. ಅದಕ್ಕೂ ಮೊದಲು ಫುಟ್‌ಬಾಲ್ ಆಟಗಾರ, ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು. ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರ ಕುರ್ಚಿಗಳು ಅಕ್ಕಪಕ್ಕ ಇದ್ದವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿರುವ ತನಕ ಒಂದು ಆಮಂತ್ರಣ ಪತ್ರಿಕೆಯಲ್ಲೂ ಹೆಸರು ಹಾಕಿಸಿಕೊಳ್ಳಲು ಒಪ್ಪದವರು, ಸತ್ತ ಮೇಲೆ ನನ್ನಿಂದ ಯಾಕೆ ಹಾಕಿಸಿಕೊಂಡಾರು.

ಮೂಲ ಇಂಡಿ. ತಂದೆಯದು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿಯ ಅಂಗಡಿ. ಹರಿದ ಟ್ಯೂಬುಗಳನ್ನು ಸುತ್ತಿ ಸುತ್ತಿ ಕಟ್ಟಿದ್ದೇ ಮೊದಲ ಚೆಂಡು. ಇಂಡಿಯ ಸುತ್ತ ನಿಂಬೆ ತೋಟಗಳಿಗೆ ಬರವಿಲ್ಲ. ಅಲ್ಲೇ ಅವರ ಮೊದಲ ಮೈದಾನ. ಗಿಡದ ಸಾಲುಗಳ ನಡುವೆ ಚೆಂಡನ್ನು ಕಾಲಲ್ಲಿ ಒಯ್ಯುವಾಗ ಸ್ವಲ್ಪ ಲಕ್ಷ್ಯ ತಪ್ಪಿದರೂ ಮುಳ್ಳಿಗೆ ಅಂಗಿ ಸಿಕ್ಕಿ ಹರಿಯುತ್ತಿತ್ತು. ಅಂಗಿ ಹರಿದರೆ ಮನೆಯಲ್ಲಿ ಅಮ್ಮನ ಕೈಯ ಏಟು.

"ನನ್ನ ಮೊದಲನೇ ಕೋಚ್ ನಿಂಬಿ ಮುಳ್ಳ ನೋಡ್ರಿ ಅಕ್ಕೋರ," ಎನ್ನುತ್ತಿದ್ದರು. "ಅದು ಒದರಂಗಿಲ್ಲ, ಬೈಯಂಗಿಲ್ಲ, ಭಾಷಣ ಮಾಡಂಗಿಲ್ಲ. ತಪ್ಪ ಮಾಡಿದ್ರ ಚುಚ್ಚತೈತಿ, ಅಷ್ಟ."

ಇಂಡಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಮುಂಬೈಯ ಒಂದು ಕಾರ್ಖಾನೆಯ ತಂಡಕ್ಕೆ ಹೋದರು. ಅಲ್ಲಿ ಕೆಲವು ವರ್ಷ ಚೆನ್ನಾಗಿ ಆಡಿದರು. ಕಾರ್ಖಾನೆಯಲ್ಲಿ ಹೆಸರಿಗೊಂದು ಕೆಲಸ, ಸಂಜೆಗೆ ಆಟ. ಆಮೇಲೊಂದು ದಿನ ತಂಡದ ಮ್ಯಾನೇಜರ್, ನೀನು ಇನ್ನು ಮೇಲೆ ಹಿಂದೆ ನಿಂತು ಗೋಲು ಕಾಪಾಡುವವರ ಜೊತೆ ಆಡು, ಮುಂದೆ ಬೇರೆಯವನು ಆಡುತ್ತಾನೆ ಎಂದರು. ಆ ಬೇರೆಯವನು ಯಾರೋ ಸಾಹೇಬರ ಮೈದುನ. ಇವರು ಬೂಟು ಬಿಚ್ಚಿ ಮ್ಯಾನೇಜರರ ಮೇಜಿನ ಮೇಲೆ ಇಟ್ಟು ಬಂದರು. ಬೂಟಿನ ಜೊತೆ ಕೆಲಸವೂ ಹೋಯಿತು. ಈ ಕಥೆಯನ್ನು ಅವರು ಗೆದ್ದ ಪಂದ್ಯದ ಹಾಗೆ ಹೇಳುತ್ತಿದ್ದರು. "ಫಾರ್ವರ್ಡ್ ಹಿಂದ ಸರೀಬಾರದ್ರಿ. ಸರದ್ನೆಂದ್ರ ಅಂವ ಫಾರ್ವರ್ಡ್ ಅಲ್ಲ." ನಾವು ಸ್ಟಾಫ್‌ರೂಮಿನಲ್ಲಿ ಭಲೇ ಎನ್ನುತ್ತಿದ್ದೆವು. ಬೇರೆಯವರ ನೌಕರಿ ಹೋದ ಕಥೆಗೆ ಭಲೇ ಎನ್ನುವುದು ಬಹಳ ಸುಲಭ.

ತಿರುಗಿ ಬಂದು ದೈಹಿಕ ಶಿಕ್ಷಣದ ಕೋರ್ಸ್ ಮುಗಿಸಿ, ಮುದ್ದೇಬಿಹಾಳದಲ್ಲಿ ಒಂದು ಕಾಲೇಜಿನ ಹುಡುಗರಿಗೆ ಆಟ ಕಲಿಸತೊಡಗಿದರು. ಅಲ್ಲಿ ಕಾರ್ಯದರ್ಶಿಗಳ ಮಗ ತಂಡದಲ್ಲಿ ಇರಲೇಬೇಕೆಂದಾಯಿತು. ಇರಲಿ, ನೀರು ತರಲಿ ಎಂದು ಇವರು ಹೇಳಿದ್ದಕ್ಕೆ ಆ ವರ್ಷವೇ ಗಂಟುಮೂಟೆ ಕಟ್ಟಬೇಕಾಯಿತು. ಆಮೇಲೆ ಬಸವನ ಬಾಗೇವಾಡಿಯ ಒಂದು ಕ್ಲಬ್ಬು ಕರೆಯಿತು. ನಾಲ್ಕೂ ತಾಲೂಕು ಸೇರಿ ಒಂದು ತಂಡ ಮಾಡಿ ಹುಬ್ಬಳ್ಳಿಯ ಪಂದ್ಯಾವಳಿಗೆ ಕಳಿಸುವ ಯೋಜನೆ ಅದು. ಹಿರಿಯರು ಕೂತು, ಯಾರಿಗೂ ಬೇಸರ ಆಗಬಾರದೆಂದು ತಾಲೂಕಿಗೆ ಇಷ್ಟು ಹುಡುಗರೆಂದು ಸಮಪಾಲು ಹಂಚಿದರು. ಪ್ರತಿ ತಾಲೂಕೂ ತನ್ನ ಪಾಲಿಗೆ ಗೋಲು ಹೊಡೆಯುವ ಹುಡುಗರನ್ನೇ ಕಳಿಸಿತು. ಗೋಲು ಕಾಯುವವನನ್ನು ಒಬ್ಬರೂ ಕಳಿಸಲಿಲ್ಲ.

"ಯಾಕ್ರಿ?" ಎಂದು ನಾನು ಕೇಳಿದ್ದೆ.

"ಗೋಲ್ ಕಾಯೂ ಹುಡಗನ ಹೆಸರ ಪೇಪರದಾಗ ಬರಂಗಿಲ್ಲಲ್ರಿ. ತಾಲೂಕದ ಮರ್ಯಾದಿ ಪ್ರಶ್ನಿ ಅದು."

ಇವರು ಆ ತಂಡವನ್ನು ಬಸ್ ಹತ್ತಿಸಲಿಲ್ಲ. ಹತ್ತಿಸಿದ್ದರೆ ಸೋತು ಬಂದು ಸುಮ್ಮನಾಗುತ್ತಿತ್ತು. ಹತ್ತಿಸದ್ದಕ್ಕೆ ನಾಲ್ಕೂ ತಾಲೂಕುಗಳು ಒಂದಾಗಿ ಅವರನ್ನು ಬೈದವು. ಇವರ ಕೃಪೆಯಿಂದಲಾದರೂ ಒಂದಾದವಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ.

ಕೊನೆಗೆ ಸಿಂದಗಿಗೆ, ನಮ್ಮ ಶಾಲೆಗೆ ಬಂದರು. ಪಿ.ಟಿ. ಮಾಸ್ತರನೆಂದರೆ ನಮ್ಮಲ್ಲಿ ಏನು? ಗಣ್ಯರು ಬರುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸುವವನು, ಧ್ವಜದ ಹಗ್ಗ ಸಿಕ್ಕಿಕೊಂಡರೆ ಬಿಡಿಸುವವನು, ಲಾಡು ಹಂಚುವಾಗ ಗದ್ದಲವಾದರೆ ಸೀಟಿ ಊದುವವನು. ಮುಂಬೈಯಲ್ಲಿ ಸಾವಿರಾರು ಜನರ ಮುಂದೆ ಗೋಲು ಹೊಡೆದ ಮನುಷ್ಯ ಶಾಮಿಯಾನದ ಕುರ್ಚಿ ಎಣಿಸುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರಿಗೆ ಉರಿಯುತ್ತಿರಲಿಲ್ಲವೆಂದಲ್ಲ. ಅವರ ಉರಿ ಕಾಲಿಗೆ ಇಳಿಯುತ್ತಿತ್ತು. ದಾರಿಯಲ್ಲಿ ಕಲ್ಲಿರಲಿ, ತೆಂಗಿನ ಚಿಪ್ಪಿರಲಿ, ಸುಮ್ಮನೆ ದಾಟಿ ಹೋದವರಲ್ಲ, ಒದ್ದೇ ಹೋಗಬೇಕು. ಎಲ್ಲಿಗೆ ಒದೆಯುತ್ತೇನೆಂದು ಮೊದಲೇ ನೋಡಿ, ಅಲ್ಲಿಗೇ ಒದೆಯುತ್ತಿದ್ದರು. ಹೆಡ್‌ಮಾಸ್ತರರ ಮೋಟಾರ್‌ಸೈಕಲ್ಲಿಗೆ ಬಡಿದ ಚಿಪ್ಪುಗಳು ಅಕಸ್ಮಾತ್ ಬಡಿದವಲ್ಲವೆಂದು ನನಗೆ ಈಗಲೂ ಅನುಮಾನ.

ರಂಜಾನಿನಲ್ಲಿ ರೋಜಾ ಉಪವಾಸ ಇದ್ದಾಗಲೂ ಸಂಜೆಯ ಮೈದಾನ ತಪ್ಪಿಸುತ್ತಿರಲಿಲ್ಲ. ಗಂಟಲು ಒಣಗಿ ಸೀಟಿ ಊದಲು ಆಗದಾಗ ಚಪ್ಪಾಳೆ ತಟ್ಟಿ ಆಡಿಸುತ್ತಿದ್ದರು. ಮೊಣಕಾಲು ಹಿಡಿದುಕೊಂಡರೆ ಎಣ್ಣೆ ತಿಕ್ಕಿ, ಅದಕ್ಕೂ ಎರಡು ಬೈಗುಳ ಕೊಟ್ಟು, ಮತ್ತೆ ಓಡುತ್ತಿದ್ದರು. ನನ್ನ ಊರು ಸಾಲೋಟಗಿ, ಹಳೆಯ ಕಾಲದ ವಿದ್ಯಾಶಾಲೆಯ ಕಲ್ಲಿನ ಶಾಸನ ಇರುವ ಊರು. ಪರೀಕ್ಷೆಯ ಪೇಪರು ತಿದ್ದುತ್ತ ಕೂತ ನನ್ನನ್ನು ಕಂಡರೆ, "ನಿಮ್ಮೂರಾಗ ಕಲ್ಲ ಸೈತ ಸಾಲಿ ಕಲತಾವು, ನಮ್ಮ ಹುಡುಗೂರು ಯಾಕ ಕಲೀವಲ್ವು?" ಎಂದು ಕೆಣಕುತ್ತಿದ್ದರು. ಒಂದು ದಿನ ಚಹಾದ ಲೋಟಗಳನ್ನು ಮೇಜಿನ ಮೇಲೆ ಜೋಡಿಸಿ ಆಫ್‌ಸೈಡ್ ಅಂದರೆ ಏನೆಂದು ನನಗೆ ತಿಳಿಸಿಕೊಟ್ಟರು. "ಬಾಲ್ ಬರೂಕಿಂತ ಮೊದ್ಲ ಗೋಲಿನ ಮುಂದ ಹೋಗಿ ನಿಂತಿರೂದ್ರಿ. ಆಟದಾಗ ಅದು ತಪ್ಪು. ರಾಜಕಾರಣದಾಗ ಅಲ್ಲ."

ಅವರು ಹುಡುಗಿಯರ ತಂಡ ಕಟ್ಟಿದ್ದು ಯಾವ ಕ್ರಾಂತಿ ಮಾಡಲಿಕ್ಕೂ ಅಲ್ಲ. ಹುಡುಗರೆಲ್ಲ ಕಬಡ್ಡಿ, ವಾಲಿಬಾಲ್ ಎಂದು ಹೋಗುತ್ತಿದ್ದರು. ಹುಡುಗಿಯರಿಗೆ ಆಟದ ಪಿರಿಯಡ್ಡಿನಲ್ಲಿ ರಂಗೋಲಿ ಹಾಕಿಸುತ್ತಿದ್ದರು. "ಇವರನ್ನ ಯಾರೂ ಕೇಳೂದಿಲ್ಲ. ಅಂದಮ್ಯಾಲ ಇವರ ಸೆಲೆಕ್ಷನ್ನದಾಗ ಯಾರೂ ಬಾಯಿ ಹಾಕಂಗಿಲ್ಲ," ಎಂದರು. ಅವರ ಲೆಕ್ಕ ಅಷ್ಟು ನೇರ.

ಇಲ್ಲಿ ಧಣಿಯವರ ಮಾತು ಹೇಳಬೇಕು. ಅವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಯಂಕಂಚಿಯ ಹತ್ತಿರ ಅವರ ಹೊಲ, ನಿಂಬೆ ತೋಟ. ಅವರನ್ನು ದುಷ್ಟರೆಂದು ಬರೆದರೆ ನನಗೆ ಬರೆಯುವುದು ಸಲೀಸು, ಆದರೆ ಅದು ನಿಜವಲ್ಲ. ಹುಡುಗಿಯರಿಗೆ ಚೆಂಡು ಕೊಡಿಸಿದವರು ಅವರು, ಬೂಟು ಕೊಡಿಸಿದವರು ಅವರು. ಮುಳ್ಳಿನ ನಡುವೆ ಆಡಿಸಿ ಕಲಿಸಬೇಕು, ನಿಮ್ಮ ತೋಟ ಬೇಕು ಎಂದು ಮಾಸ್ತರು ಹೋಗಿ ಕೇಳಿದಾಗ, ಕಾಯಿ ಉದುರಿದರೂ ಚಿಂತೆಯಿಲ್ಲ, ಆಡಿಸಿರಿ ಎಂದವರೂ ಅವರೇ. ಕೊಡುವುದರಲ್ಲಿ ಧಾರಾಳ. ಕೊಟ್ಟದ್ದನ್ನು ನಾಲ್ಕು ಜನರ ಮುಂದೆ ಮೈಕಿನಲ್ಲಿ ಹೇಳಬೇಕು, ಅಷ್ಟೇ ಅವರ ಆಸೆ.

ಆ ತೋಟದಲ್ಲೇ ರೇಣುಕಾ ಸಿಕ್ಕಳು. ಯಂಕಂಚಿಯ ಹುಡುಗಿ, ಧಣಿಯವರ ಟ್ರ್ಯಾಕ್ಟರ್ ಓಡಿಸುವವರ ಮಗಳು, ನಮ್ಮ ಶಾಲೆಯ ಎಂಟನೆಯ ತರಗತಿ. ತಾಯಿ ಕೆಳಗೆ ಬಿದ್ದ ನಿಂಬೆಹಣ್ಣು ಆರಿಸುತ್ತಿದ್ದರೆ, ಈಕೆ ಬಗ್ಗುವ ಬೇಸರಕ್ಕೆ ಒಂದೊಂದನ್ನೇ ಕಾಲಿನಿಂದ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳಂತೆ. ಮಾಸ್ತರು ಅದನ್ನು ನೋಡಿ, ಆಡಿಸುವುದನ್ನು ನಿಲ್ಲಿಸಿ, ಬದುವಿನ ಮೇಲೆ ಕೂತುಬಿಟ್ಟರು. ಮರುದಿನ ಸ್ಟಾಫ್‌ರೂಮಿನಲ್ಲಿ ಅವರು ಚಹಾ ಕುಡಿಯಲಿಲ್ಲ.

"ಅಕ್ಕೋರ, ನನಗ ಇನ್ನೇನೂ ಬ್ಯಾಡ," ಎಂದರು. "ನಾ ಎಲ್ಲಿ ನಿಂತೆನೋ ಅಲ್ಲಿಂದ ಮುಂದ ಒಂದ ಹೆಜ್ಜಿ ಹೋಗೂ ಹುಡುಗೂರು ಒಬ್ಬರು ಸಿಕ್ಕರ ಸಾಕಂತ ಇಷ್ಟ ವರ್ಷ ಹುಡುಕೇನಿ. ಸಿಕ್ಕಾಳ."

ಎರಡು ವರ್ಷ ಆಕೆಯನ್ನು ಅರೆದರು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಚೆಂಡನ್ನು ಎತ್ತೆತ್ತಲೋ ತಿರುಗಿಸುತ್ತದೆ. ಅದರ ಮೇಲೆ ಓಡಿಸಿದರು. ತೋಟದಲ್ಲಿ ಮುಳ್ಳು ತರಚಿದ ಕೈ ತೋರಿಸಿದರೆ, "ಕೈ ಯಾಕ ಹೊರಗ ಚಾಚಿದ್ದಿ?" ಎಂದು ಮೇಲಿಂದ ಬೈದರು. ಆಕೆ ಮನೆಗೆ ಹೋಗಿ ಅಳುತ್ತಿದ್ದಳು, ಮರುದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಸರಕಾರದ ಕ್ರೀಡಾ ವಸತಿ ಶಾಲೆಗೆ ಆಯ್ಕೆಯಾದರೆ ಊಟ, ವಸತಿ, ಓದು, ಒಳ್ಳೆಯ ತರಬೇತಿ ಎಲ್ಲ ಸರಕಾರದ್ದೇ. ಅದೊಂದೇ ದಾರಿ ಇತ್ತು. ಅದಕ್ಕಾಗಿ ಮಾಸ್ತರು ಬೆಂಗಳೂರಿಗೆ ಹತ್ತಾರು ಸಲ ಫೋನ್ ಮಾಡಿ, ನಾಲ್ಕು ತಾಲೂಕುಗಳ ಹುಡುಗಿಯರ ಪಂದ್ಯಾವಳಿ ನಮ್ಮ ಮೈದಾನದಲ್ಲೇ ಆಗುವ ಹಾಗೆ, ಆಯ್ಕೆ ಮಾಡುವ ತರಬೇತುದಾರರೊಬ್ಬರು ಫೈನಲ್ ನೋಡಲು ಬರುವ ಹಾಗೆ ಮಾಡಿದರು. ರೇಣುಕಾ ಆಗ ಹತ್ತನೆಯ ತರಗತಿ.

ಫೈನಲ್ ದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ವೇದಿಕೆ ಸಿದ್ಧವಾಗಿತ್ತು. ಗಣ್ಯರ ಮುಖ ಪೂರ್ವಕ್ಕೆ ಇರಬೇಕೆಂದು ಅದನ್ನು ಪಶ್ಚಿಮದ ಗೋಲಿನ ಒಳಗೇ ಕಟ್ಟಿದ್ದರು. ಶಾಮಿಯಾನದವನು ಗೋಲಿನ ಕಂಬಗಳನ್ನು ಪುಕ್ಕಟೆ ಸಿಕ್ಕ ಗೂಟವೆಂದು ತಿಳಿದು ಬಟ್ಟೆಯನ್ನು ಅವಕ್ಕೇ ಬಿಗಿದಿದ್ದ. ಅಂದರೆ ಸತ್ಕಾರ ಮುಗಿದು ವೇದಿಕೆ ಬಿಚ್ಚುವ ತನಕ ಆಟವಿಲ್ಲ. ಮಾಸ್ತರು ಕೂಗಾಡಿದರು. "ಹತ್ತ ಮಿನಿಟಿನ ಕೆಲಸ್ರೀ ಸರ, ಸತ್ಕಾರ ಮುಗದ ಕೂಡ್ಲೆ ಬಿಚ್ಚಿ ಒಗೀತೇವಿ," ಎಂದು ಸಮಿತಿಯವರು ಸಮಾಧಾನ ಹೇಳಿದರು.

ನಮ್ಮ ಕಡೆ ಸತ್ಕಾರವೆಂದರೆ ಏನೆಂದು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಾಮಿಗಳಿಂದ ಹಿಡಿದು ಮೈಕಿನವನ ತನಕ ಎಲ್ಲರಿಗೂ ಹಾರ, ಶಾಲು, ಫೋಟೋ. ಕುಡಿಯುವ ನೀರು ಕೊಟ್ಟವರ ಹೆಸರು ಬಿಟ್ಟರೆ ಅವರ ಅಣ್ಣತಮ್ಮಂದಿರೆಲ್ಲ ಮುನಿಯುತ್ತಾರೆ. ಮುನಿಸು ಮುಂದಿನ ತಲೆಮಾರಿಗೂ ಹೋಗುತ್ತದೆ. ಅತ್ತ ಇಂಡಿ ಮತ್ತು ಸಿಂದಗಿಯ ಹುಡುಗಿಯರು ಆಟಕ್ಕೆ ಸಿದ್ಧರಾಗಿ ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಇಂಡಿಯ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಬೂಟೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂಥ ಸತ್ಕಾರ. ಆಯ್ಕೆ ಮಾಡಲು ಬಂದ ಹೆಣ್ಣುಮಗಳು ಕೊರಳ ತುಂಬ ಚೆಂಡುಹೂವಿನ ಹಾರ ಹೊತ್ತು ವೇದಿಕೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಸಂಜೆ ಅವರಿಗೆ ವಿಜಯಪುರದಲ್ಲಿ ರೈಲು ಇತ್ತು.

ಕೊನೆಗೆ ನಿರೂಪಕರು, "ಈಗ ನಮ್ಮ ಭಾಗದ ಹೆಮ್ಮೆಯ ಫುಟ್‌ಬಾಲ್ ಆಟಗಾರ," ಎಂದು ಇವರ ಹೆಸರನ್ನೇ ಕೂಗಿದರು. ಧಣಿಯವರು ಸ್ವತಃ ಎದ್ದು, ಶಾಲು ಬಿಡಿಸಿ ಹಿಡಿದು ನಿಂತರು. ಅಂದು ತಂದ ಶಾಲುಗಳಲ್ಲೆಲ್ಲ ಅದು ಚಂದದ್ದು. ಮಾಸ್ತರು ಮೈದಾನದಿಂದ ನಡೆದು ವೇದಿಕೆ ಹತ್ತಿದರು. ಧಣಿಯವರು ಕೈ ಎತ್ತಿದರು. ಇವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮೈಕು ಹಿಡಿದರು.

"ಧಣ್ಯಾರ, ನನಗ ಶಾಲು ಬ್ಯಾಡ್ರಿ. ಗೋಲ್ ಬಿಟ್ಟ ಕೊಡ್ರಿ. ಹುಡಗ್ಯಾರು ಬಿಸಲಾಗ ನಿಂತಾರ."

ಬಿಡಿಸಿದ ಶಾಲನ್ನು ಹಿಡಿದು ಧಣಿಯವರು ಹಾಗೆಯೇ ನಿಂತಿದ್ದರು. ಹಿಂದೆ ಎಲ್ಲೋ ಒಂದಿಬ್ಬರು ನಕ್ಕರು. ಶಾಲು ಬೇಡವೆಂದದ್ದನ್ನು ಧಣಿಯವರು ಮರೆತಾರು, ಆ ನಗುವನ್ನು ಮರೆಯಲಿಲ್ಲವೆಂದು ನನಗೆ ಅನಿಸುತ್ತದೆ. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ನಾನೊಬ್ಬಳೇ.

ಆಮೇಲೆ ಗದ್ದಲ. ಧಣಿಯವರಿಗೆ ಅವಮಾನವಾಯಿತು, ಮೈಕಿನಲ್ಲೇ ಕ್ಷಮೆ ಕೇಳಬೇಕು ಎಂದು ಅವರ ಕಡೆಯವರು. ಮೊದಲು ವೇದಿಕೆ ಬಿಚ್ಚಿರಿ ಎಂದು ಇವರು. ಶಾಲು ಹೊದಿಸಿಕೊಂಡಿದ್ದರೆ ಕ್ಷಣದಲ್ಲಿ ಮುಗಿಯುತ್ತಿದ್ದದ್ದು ಸಂಜೆಯ ತನಕ ಎಳೆಯಿತು. ಯಾರೋ ಮಾಸ್ತರರ ಜಾತಿಯನ್ನೂ ಎಳೆದು ತಂದರು. ಅವರು ಶಾಲು ಬೇಡವೆಂದ ಕಾರಣ ಬಿಸಿಲಲ್ಲಿ ಬೆವರುತ್ತ ಕಣ್ಣ ಮುಂದೆಯೇ ನಿಂತಿತ್ತು. ಅದನ್ನು ಬಿಟ್ಟು ಬೇರೆಲ್ಲ ಕಾರಣ ಹುಡುಕಿದರು. ವೇದಿಕೆ ಬಿಚ್ಚುವ ಹೊತ್ತಿಗೆ ಬೆಳಕು ಹೋಗಿತ್ತು. ಆಟವಾಗಲಿಲ್ಲ. ಕಪ್ಪನ್ನು ಎರಡೂ ತಂಡಕ್ಕೆ ಸಮವೆಂದು ಸಾರಿದರು.

ಆಯ್ಕೆಗೆ ಬಂದವರು ಅದಕ್ಕೂ ಮೊದಲೇ ಹೊರಟಿದ್ದರು. ಕಾರಿನ ಬಾಗಿಲಲ್ಲಿ ನಿಂತು ಮಾಸ್ತರರಿಗೆ, "ಬೆಳಿಗ್ಗೆ ಪ್ರಾಕ್ಟೀಸ್ ಮಾಡುವಾಗ ಆ ಏಳನೇ ನಂಬರಿನ ಹುಡುಗಿಯನ್ನು ನೋಡಿದೆ. ಮುಂದಿನ ವಾರ ವಿಜಯಪುರದಲ್ಲೇ ಆಯ್ಕೆ ಇದೆ. ಕರೆದುಕೊಂಡು ಬನ್ನಿ, ತಪ್ಪಿಸಬೇಡಿ," ಎಂದರು. ನಾನು ಪಕ್ಕದಲ್ಲೇ ಇದ್ದೆ. ಏಳನೇ ನಂಬರು ರೇಣುಕಾಳದು. ಇಷ್ಟೆಲ್ಲ ಆದರೂ ದಾರಿ ಮುಚ್ಚಿರಲಿಲ್ಲ.

ಮರುದಿನವೇ ಇಬ್ಬರೂ ಯಂಕಂಚಿಗೆ ಹೋದೆವು. ರೇಣುಕಾಳ ತಂದೆ ಕಂಬಳಿ ಹಾಸಿದರು, ಚಹಾ ಕೊಟ್ಟರು. ಮಗಳನ್ನು ವಿಜಯಪುರಕ್ಕೆ ಕಳಿಸುವ ಮಾತು ಬಂದಾಗ ನೆಲ ನೋಡಿದರು.

"ಸರ, ತಪ್ಪ ಯಾರದಂತ ನನಗೂ ಗೊತ್ತಾಗತೈತ್ರಿ. ಆದ್ರ ನಾ ದುಡಿಯೂದು ಅವರ ಹೊಲದಾಗ. ಅವರು ಬ್ಯಾಡ ಅಂದಾರ. ನಾ ಮಗಳ್ನ ಕಳಿಸಿ ಅವರ ಮಾರಿ ಹೆಂಗ ನೋಡ್ಲಿ?"

"ನಾನು ಕರೆದುಕೊಂಡು ಹೋಗ್ತೇನೆ. ಸರ್ ಬರೋದು ಬೇಡ," ಎಂದೆ.

"ಯಾರ ಜೋಡಿ ಹೋಗ್ತಾಳ ಅನ್ನೂದಲ್ರಿ ಅಕ್ಕೋರ. ಧಣ್ಯಾರು ಹೂಂ ಅನಬೇಕು. ಸರು ಒಂದ ಸಲ ಅವರ ಮನಿಗೆ ಹೋಗಿ, ತಪ್ಪಾತ್ರಿ ಅಂತ ಅನ್ಲಿ. ಅಷ್ಟ ಮಾಡ್ರಿ. ನಾನ ಬಸ್ಸಿಗೆ ಹತ್ತಸ್ತೇನಿ."

ರೇಣುಕಾ ಬಾಗಿಲ ಚೌಕಟ್ಟು ಹಿಡಿದು ಮಾಸ್ತರರ ಮುಖವನ್ನೇ ನೋಡುತ್ತಿದ್ದಳು. ಅವರು ಚಹಾದ ಕಪ್ಪು-ಬಸಿ ಕೆಳಗಿಟ್ಟು ಎದ್ದರು.

ಬಸ್ಸಿನಲ್ಲಿ ನಾನು ಹೇಳಿದೆ. ಒಂದು ಮಾತು, ಬಾಯಿಮಾತು, ಅಂದು ಬಿಡಿ ಎಂದೆ. ಆ ವಾರವೆಲ್ಲ ಸ್ಟಾಫ್‌ರೂಮಿನಲ್ಲಿ ಅದನ್ನೇ ಹೇಳಿದೆ. ಅವರ ಉತ್ತರವೂ ಒಂದೇ. "ಇವತ್ತ ನಾ ತಪ್ಪ ಇಲ್ಲದ ತಪ್ಪಾತು ಅಂದ್ರ, ನಾಳೆ ಆ ಹುಡಗಿಗೆ ನಾ ಏನ ಕಲಿಸ್ಲಿ?" ಆ ಮಾತು ಆಗ ನನಗೆ ಬಹಳ ದೊಡ್ಡದಾಗಿ ಕಂಡಿತ್ತು.

ಆಯ್ಕೆಯ ಹಿಂದಿನ ಸಂಜೆ ಅವರು ಧಣಿಯವರ ಮನೆಗೆ ಹೋದರು. ಇದನ್ನು ಎಷ್ಟೋ ತಿಂಗಳ ಮೇಲೆ ನನ್ನೊಬ್ಬಳಿಗೇ ಹೇಳಿದರು. "ಬಾಗಲ ತನಕ ಹೋಗಿದ್ದೆರಿ. ಒಳಗಿಂದ ಯಾರೋ 'ಯಾರದು?' ಅಂದ್ರು. ನನ್ನ ಹೆಸರ ಹೇಳಾಕ ನನಗ ಬಾಯಿ ಬರಲಿಲ್ಲ. ತಿರುಗಿ ಬಂದಬಿಟ್ಟೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರೇಣುಕಾ ವಿಜಯಪುರಕ್ಕೆ ಹೋಗಲಿಲ್ಲ. ತೋಟದ ಗೇಟಿಗೆ ಬೀಗ ಬಿತ್ತು. ಹುಡುಗಿಯರ ತಂಡ ಮುರಿಯಿತು. ಮಾಸ್ತರರಿಗೆ ಬಿಸಿಯೂಟದ ಅಕ್ಕಿ ಅಳೆದು ಕೊಡುವ ಕೆಲಸ ಹಚ್ಚಿದರು. ಮೈದಾನವನ್ನು ಮದುವೆಗಳಿಗೆ ಕೊಡತೊಡಗಿದರು. ಅಕ್ಕಿಯ ಚೀಲಗಳ ನಡುವೆ ಕೂತೂ ಅವರು ಸೋತವರ ಹಾಗೆ ಇರಲಿಲ್ಲ, ಅದನ್ನು ಒಪ್ಪಬೇಕು. ಬೆನ್ನು ನೆಟ್ಟಗೇ ಇತ್ತು. ಹಾಗೆಯೇ ನಿವೃತ್ತರಾದರು. ನಿವೃತ್ತಿಯ ದಿನದ ಸತ್ಕಾರಕ್ಕೂ ಬರಲಿಲ್ಲ. ಹೂವಿನ ಹಿಪ್ಪರಗಿಯಲ್ಲಿದ್ದ ಹೆಂಡತಿಯ ತವರಿಗೆ ಹೋಗಿ ಕೂತರು. ಈ ಮಳೆಗಾಲದಲ್ಲಿ, ಒಂದು ಮುಂಜಾನೆ ವಾಕಿಂಗ್ ಹೋದಾಗ ಎದೆ ಹಿಡಿದುಕೊಂಡು ರಸ್ತೆಯ ಪಕ್ಕ ಕೂತವರು ಏಳಲಿಲ್ಲ.

ನುಡಿನಮನದಲ್ಲಿ ನನಗೂ ಮಾತಾಡಲು ಹೇಳಿದರು. ಯಾರ ಮುಂದೆಯೂ ತಲೆ ಬಾಗಿಸದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ನೋಡಿದ್ದೇನೆ, ಅದು ಇವರೇ ಎಂದೆ. ಧಣಿಯವರು ಎದುರಿಗೇ ಕೂತಿದ್ದರು. ಅವರಿಗೆ ತಾಗಲಿ ಎಂದೇ ಹೇಳಿದ್ದೆ.

ಮುಂದಿನ ವಾರ ತಂಗಿಯ ಮನೆಗೆಂದು ಸಾಲೋಟಗಿಗೆ ಹೊರಟು ಇಂಡಿಯ ಬಸ್ಸು ಹತ್ತಿದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ರೇಣುಕಾ. ನೌಕರಿ ಸಿಕ್ಕಿದೆಯೆಂದು ಕೇಳಿದ್ದೆ, ಖಾಕಿಯಲ್ಲಿ ನೋಡಿದ್ದು ಅದೇ ಮೊದಲು. ಬಸ್ಸು ಕಿಕ್ಕಿರಿದು ತುಂಬಿತ್ತು. ನಿಂತವರ, ಚೀಲಗಳ, ಮಕ್ಕಳ ನಡುವೆ ಯಾರ ಮೈಗೂ ತಾಗದೆ ಆಕೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓಡಾಡುತ್ತಿದ್ದಳು. ನನಗೆ ಕಣ್ಣು ತುಂಬಿತು.

ದಾರಿಯಲ್ಲಿ ಜನ ಇಳಿದು ಸೀಟು ಖಾಲಿಯಾದ ಮೇಲೆ ಬಂದು ನನ್ನ ಪಕ್ಕ ಕೂತಳು. ಸರ್ ಅವರ ನುಡಿನಮನಕ್ಕೆ ನೀನು ಬರಬೇಕಿತ್ತು ಎಂದೆ.

"ಡ್ಯೂಟಿ ಇತ್ರಿ," ಎಂದಳು. ಚೀಲದ ಚಿಲ್ಲರೆ ಎಣಿಸುತ್ತ, "ಇರಲಿಲ್ಲಂದ್ರೂ ಬರ್ತಿರ್ಲಿಲ್ರಿ," ಎಂದಳು.

ಯಾಕೆ ಎಂದು ಕೇಳಿದೆ.

"ಅವತ್ತ ನೀವಿಬ್ಬರೂ ನಮ್ಮ ಮನಿಗೆ ಬಂದ ಹೋದ್ರೆಲ್ರಿ, ಮರದಿನ ನಾ ಧಣ್ಯಾರ ಮನಿಗೆ ಹೋಗಿದ್ದೆ. ಅಪ್ಪಗ ಗೊತ್ತಿಲ್ಲ. ಸರ್ ಪರವಾಗಿ ನಾನ ತಪ್ಪಾತ್ರಿ ಅಂದೆ. ಕಾಲ ಮುಟ್ಟಿದೆ. 'ನೀ ಸಣ್ಣಾಕಿ, ನೀ ಅಂದ್ರ ಏನ ಬಂತು, ಅಂವ ಬಂದು ಅನ್ಲಿ, ನನ್ನ ಗಾಡ್ಯಾಗನ ವಿಜಯಪುರಕ್ಕ ಕಳಸ್ತೇನಿ' ಅಂದ್ರು. ಓಡಕೋಂತ ಬಂದು ಸರಿಗೆ ಹೇಳಿದೆ."

"ಏನಂದರು?"

"'ನಿನಗ ಯಾರ ಹೋಗಂದ್ರು? ನನ್ನ ಮಾನ ಕಳದಿ' ಅಂತ ಬೈದ್ರು. ಅವತ್ತಿನಿಂದ ನನ್ನ ಜೋಡಿ ಮಾತ ಬಿಟ್ರು. ಸಾಲಿ ಮುಗಿಯೂತನಕ ಮಾತಾಡಲಿಲ್ಲ. ಎದುರಿಗೆ ಬಂದ್ರ ಬ್ಯಾರೆ ಕಡೆ ನೋಡ್ತಿದ್ರು."

ಇದು ನನಗೆ ಗೊತ್ತಿರಲಿಲ್ಲ. ದಿನಾ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದ ಮನುಷ್ಯ ನನಗೆ ಇದೊಂದನ್ನು ಹೇಳಿರಲಿಲ್ಲ. ಏನಾದರೂ ಅನ್ನಬೇಕೆಂದು, ಧಣಿಯವರ ಮೇಲೆ ಸಿಟ್ಟು ಬರುವುದಿಲ್ಲವೇ ನಿನಗೆ ಎಂದು ಕೇಳಿದೆ.

"ಅವರ ಮ್ಯಾಲ ಯಾಕ್ರಿ ಸಿಟ್ಟು? ಅವರು ಹಂಗ ಇರೂದು ಎಲ್ಲಾರಿಗೂ ಗೊತ್ತಿದ್ದದ್ದ. ಅವರು ನನ್ನವರಲ್ಲ." ಕೊರಳಿನ ಚೀಲ ಸರಿಮಾಡಿಕೊಂಡು ಎದ್ದಳು. "ಸರ್ ನನ್ನವರಂತ ತಿಳ್ಕೊಂಡಿದ್ದೆರಿ ಅಕ್ಕೋರ."

ಮುಂದೆ ಯಾರೋ ಇಳಿಯುವವರು ಬಾಗಿಲು ಬಡಿಯುತ್ತಿದ್ದರು. ಆಕೆ ಸೀಟಿ ಊದಿ ಬಸ್ಸು ನಿಲ್ಲಿಸಲು ಹೋದಳು.